ಇಲ್ಲದ ಕ್ಲಬ್ಬಿನ ಸದ್ದು ಹುಡುಕಿಕೊಂಡು

ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಜೆರ್ಸಿ ಸಿಟಿಯಲ್ಲಿದ್ದೆ. ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಬ್ರೂಕ್ಲಿನ್ ಸೇತುವೆ ಎಲ್ಲ ಮೊದಲ ಎರಡು ವಾರದಲ್ಲೇ ಮುಗಿದಿತ್ತು. ಕೊನೆಯ ಶನಿವಾರಕ್ಕೆ ಅಂತ ಒಂದು ಜಾಗ ಉಳಿಸಿಕೊಂಡಿದ್ದೆ: ನ್ಯೂಯಾರ್ಕಿನ ಕೂಪರ್ ಸ್ಕ್ವೇರ್, ನಂಬರ್ 5.

"ಅಲ್ಲೇನಿದೆ ಮಾರಾಯ?" ಅಂದ ರೂಮ್‌ಮೇಟ್.

"ಈಗ ಏನೂ ಇಲ್ಲ" ಅಂದೆ. ಅವನು ಹೊದಿಕೆ ಎಳೆದುಕೊಂಡು ಮತ್ತೆ ಮಲಗಿದ.

ಪಾತ್ ರೈಲಿನಲ್ಲಿ 9ನೇ ಬೀದಿಗೆ ಬಂದು, ಪೂರ್ವಕ್ಕೆ ಕಾಲು ಗಂಟೆ ನಡೆದರೆ ಆಸ್ಟರ್ ಪ್ಲೇಸ್. ಅದಕ್ಕೆ ಅಂಟಿಕೊಂಡೇ ಕೂಪರ್ ಯೂನಿಯನ್ ಕಾಲೇಜು. 1860ರಲ್ಲಿ ಲಿಂಕನ್ ಭಾಷಣ ಮಾಡಿದ ಹಳೇ ಕಟ್ಟಡ ಒಂದು ಕಡೆ, 2009ರಲ್ಲಿ ಶುರುವಾದ ಲೋಹದ ಹೊದಿಕೆಯ ಕಟ್ಟಡ ಇನ್ನೊಂದು ಕಡೆ. ಇಲ್ಲೇ ಒಂದು ಕಾಲದಲ್ಲಿ ಟರ್ಮಿನಿ ಸಹೋದರರ ಸಣ್ಣ ಬಾರ್ ಇತ್ತು. ಹೆಸರು ಫೈವ್ ಸ್ಪಾಟ್ ಕೆಫೆ.

ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ಗೆ ಈ ಬಾರ್ ಎರಡನೇ ಜನ್ಮ ಕೊಟ್ಟಿತು ಅನ್ನಬಹುದು. ಆಗ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬಲ್ಲಿ ನುಡಿಸಬೇಕಾದರೆ ಪೊಲೀಸರು ಕೊಡುವ ಕಾರ್ಡ್ ಬೇಕಿತ್ತು. 1951ರಲ್ಲಿ ಒಂದು ಕೇಸಿನಿಂದಾಗಿ ಮಂಕ್ ಅದನ್ನು ಕಳೆದುಕೊಂಡಿದ್ದರು. 1957ರಲ್ಲಿ ಕಾರ್ಡ್ ವಾಪಸ್ ಸಿಕ್ಕಿದ ಮೇಲೆ ಇಲ್ಲಿ ತಿಂಗಳುಗಟ್ಟಲೆ ನುಡಿಸಿದರು. ಜೊತೆಗೆ ಸ್ಯಾಕ್ಸೊಫೋನಿನಲ್ಲಿ ಜಾನ್ ಕೋಲ್ಟ್ರೇನ್. ಮುಂದೆ ದೊಡ್ಡ ಹೆಸರು ಮಾಡಿದ ಈ ಕೋಲ್ಟ್ರೇನ್, ಮಂಕ್ ಹತ್ತಿರ ಕಲಿತಿದ್ದು ಇಲ್ಲೇ.

ಮಾರನೇ ವರ್ಷ ಸೆಪ್ಟೆಂಬರಿನ ಒಂದು ರಾತ್ರಿ ಕೋಲ್ಟ್ರೇನ್ ಮತ್ತೆ ಮಂಕ್ ಜೊತೆ ಕೂತರು. ಬಾಸ್‌ನಲ್ಲಿ ಅಹ್ಮದ್ ಅಬ್ದುಲ್ ಮಲಿಕ್, ಡ್ರಮ್ಸ್‌ನಲ್ಲಿ ರಾಯ್ ಹೇನ್ಸ್. ಕೋಲ್ಟ್ರೇನ್ ಹೆಂಡತಿ ನಯೀಮಾ ಒಂದು ಸಣ್ಣ ಟೇಪ್ ರೆಕಾರ್ಡರ್ ತಂದಿದ್ದರು. ನಾವು ಮದುವೆ ಮನೇಲಿ ಫೋನ್ ಎತ್ತಿ ರೆಕಾರ್ಡ್ ಮಾಡ್ಕೋತೀವಲ್ಲ, ಹಾಗೇ. ಆ ಟೇಪು 35 ವರ್ಷದ ನಂತರ, 1993ರಲ್ಲಿ, 'ಡಿಸ್ಕವರಿ!' ಎಂಬ ಹೆಸರಲ್ಲಿ ಬ್ಲೂ ನೋಟ್ ಕಂಪನಿಯಿಂದ ಹೊರಬಂತು. ಅಷ್ಟರಲ್ಲಿ ಮಂಕ್ ಕೂಡ ಇರಲಿಲ್ಲ, ಕೋಲ್ಟ್ರೇನ್ ಕೂಡ ಇರಲಿಲ್ಲ.

ನಿಜ ಹೇಳಬೇಕಂದ್ರೆ ಆಡಿಯೋ ಚೆನ್ನಾಗಿಲ್ಲ. ಬಾಸ್ ಗೋಡೆಯಾಚೆಯಿಂದ ಬಂದ ಹಾಗಿದೆ. ಎಲ್ಲದರ ಮೇಲೂ ಮಬ್ಬು. ಇದೇ ಇಬ್ಬರು 1957ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಟೇಪು 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಅದು ಕನ್ನಡಿಯಷ್ಟು ಸ್ವಚ್ಛ. ಆದರೂ ನಾನು ಹೆಚ್ಚು ಕೇಳೋದು ಈ ಕೆಟ್ಟ ಟೇಪನ್ನೇ. ಕಾರಣ ನನ್ನ ಅಜ್ಜಿ.

ಸಾಗರದ ಮನೆಯಲ್ಲಿ ಅಜ್ಜಿ ದಿನಾ ದೀಪ ಹಚ್ಚಿ ದೇವರನಾಮ ಹಾಡೋರು. ಒಂದು ಸಲ ಫೋನಲ್ಲಿ ರೆಕಾರ್ಡ್ ಮಾಡಿದ್ದೆ. ಅಜ್ಜಿ ಹೋದ ಮೇಲೆ, ವರ್ಷಾಂತಿಕಕ್ಕೆ ಎಲ್ಲರಿಗೂ ಕಳಿಸೋಣ ಅಂತ ಸಾಫ್ಟ್‌ವೇರ್ ಹಾಕಿ ಕ್ಲೀನ್ ಮಾಡಿದೆ. ಕುಕ್ಕರ್ ಸೀಟಿ, ಮಳೆ ಸದ್ದು, ನಡುವೆ ಅಜ್ಜ ಕೆಮ್ಮಿದ್ದು, ಎಲ್ಲ ಹೋಯ್ತು. ಹೆಮ್ಮೆಯಿಂದ ಅಮ್ಮನಿಗೆ ಕೇಳಿಸಿದೆ. ಅಮ್ಮ ಪೂರ್ತಿ ಕೇಳಿ, "ಚೆನ್ನಾಗಿದೆ. ಆದ್ರೆ ನಮ್ಮನೇಲಿ ಹಾಡಿದ್ದು ಅನ್ಸೋದೇ ಇಲ್ವಲ್ಲೋ" ಅಂದಳು. ಅಷ್ಟು ಹೊತ್ತಿಗೆ ಫೋನಲ್ಲಿ ಜಾಗ ಇಲ್ಲ ಅಂತ ಮೂಲ ಫೈಲ್ ಡಿಲೀಟ್ ಮಾಡಿಬಿಟ್ಟಿದ್ದೆ. ಮಾರನೇ ವರ್ಷ ಆ ಮನೇನೂ ಮಾರಿದ್ವಿ.

ಕೂಪರ್ ಸ್ಕ್ವೇರಿನ ಬೆಂಚಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡೆ. ಬಾರ್ ಇದ್ದ ಕಟ್ಟಡ ಎಂದೋ ಕೆಡವಿಯಾಗಿದೆ. ಟೇಪಿನಲ್ಲಿ ಮಾತ್ರ ಜನ ಇನ್ನೂ ಇದ್ದಾರೆ. ಆ ಕೋಣೆ ಎಷ್ಟು ಸಣ್ಣದಿತ್ತು, ಎಷ್ಟು ಹತ್ತಿರ ಹತ್ತಿರ ಕೂತಿದ್ದರು ಅಂತ ಆ ಮಬ್ಬಿನಿಂದಲೇ ಗೊತ್ತಾಗುತ್ತೆ. ಯಾರೋ ನನ್ನಂಥ ಎಂಜಿನಿಯರ್ ಅದನ್ನ ಪೂರ್ತಿ ತೊಳೆದುಬಿಟ್ಟಿದ್ದರೆ ಫೈವ್ ಸ್ಪಾಟ್ ಎರಡನೇ ಸಲ ನೆಲಸಮ ಆಗ್ತಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಆಗ ರಾತ್ರಿ ಏಳೂವರೆ. "ತಡಿ, ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ" ಅಂದಳು. "ಇರ್ಲಿ ಬಿಡಮ್ಮ, ಹಾಗೇ ಮಾತಾಡು" ಅಂದೆ. ಅಜ್ಜಿ ಹಾಡಿನ ಮೂಲ ಫೈಲು ಯಾರ ಹತ್ತಿರವಾದ್ರೂ ಇರಬಹುದಾ ಅಂತ ಕೇಳಿದೆ. ಅತ್ತೆಯ ಹಳೇ ಫೋನಲ್ಲಿ ನಲವತ್ತು ಸೆಕೆಂಡಿನ ತುಣುಕು ಸಿಕ್ಕಿದೆ. ಹಾಡು ಅರ್ಧಕ್ಕೇ ನಿಲ್ಲುತ್ತೆ, ಅಜ್ಜನ ಕೆಮ್ಮು ಮಾತ್ರ ಪೂರ್ತಿ ಇದೆ.

ನ್ಯೂಯಾರ್ಕಿಗೆ ಹೋದರೆ, 1935ರಿಂದ ನಡೀತಿರೋ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿಗೆ ಒಂದು ಸಂಜೆ ಹೋಗಿ ಬನ್ನಿ, ಅದು 9ನೇ ಬೀದಿ ಸ್ಟೇಷನ್ನಿನಿಂದ ನಡೆಯುವಷ್ಟೇ ದೂರ. ಹೋಗೋಕ್ಕಾಗದಿದ್ದರೂ ಪರವಾಗಿಲ್ಲ. ನಿಮ್ಮ ಫೋನಲ್ಲೂ ಇಂಥದ್ದೊಂದು ಗಲಾಟೆ ತುಂಬಿದ ರೆಕಾರ್ಡಿಂಗ್ ಇರಬಹುದು. ಕ್ಲೀನ್ ಮಾಡೋ ಮುಂಚೆ ಒಂದು ಕಾಪಿ ಎತ್ತಿಟ್ಟುಕೊಳ್ಳಿ.