ಸೀಟು ಖಾಲಿ ಇದೆ

ಮೇ ತಿಂಗಳು ಬಂತೆಂದರೆ ಸಣ್ಣ ಊರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಥರ್ಮೋಡೈನಮಿಕ್ಸ್ ಮರೆತು ಬಸ್ಸಿನ ಟೈಮು ಬಾಯಿಪಾಠ ಮಾಡಬೇಕು. ಹೆಗಲಿಗೊಂದು ಬ್ಯಾಗು, ಬ್ಯಾಗಿನ ತುಂಬ ಬಣ್ಣಬಣ್ಣದ ಬ್ರೋಷರು, ಜೇಬಿನಲ್ಲಿ ಸೆಕೆಂಡ್ ಪಿಯುಸಿ ಹುಡುಗರ ಫೋನ್ ನಂಬರುಗಳ ಪಟ್ಟಿ. ಆ ಪಟ್ಟಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕ್ಯಾನ್ವಾಸಿಂಗ್ ಎಂಬ ಈ ಕೈಂಕರ್ಯಕ್ಕೆ ಮೆಕ್ಯಾನಿಕಲ್ ವಿಭಾಗದವನಾದ ನಾನೂ ನಿವೃತ್ತಿಯಾಗುವವರೆಗೆ ಸಲ್ಲಬೇಕಾಯಿತು. ತಲೆಗಿಷ್ಟು ಸೀಟು ಅಂತ ಟಾರ್ಗೆಟ್. ಮುಟ್ಟದಿದ್ದರೆ ಇನ್‌ಕ್ರಿಮೆಂಟಿನ ಮಾತೆತ್ತುವ ಹಾಗಿಲ್ಲ. ಮುಟ್ಟಿದರೂ ಎತ್ತುವ ಹಾಗಿಲ್ಲ, ಅದು ಬೇರೆ ವಿಷಯ.

ಒಂದು ಹಳ್ಳಿಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದ ಯಜಮಾನರು ನನ್ನ ಭಾಷಣವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. ಲ್ಯಾಬು, ಲೈಬ್ರರಿ, ಹಾಸ್ಟೆಲ್ಲು, ವೈಫೈ ಎಲ್ಲ ಮುಗಿದ ಮೇಲೆ, "ಮೇಷ್ಟ್ರೇ, ನಿಮಗೆ ಮಕ್ಕಳೆಷ್ಟು?" ಅಂದರು.

"ಒಬ್ಬನೇ ಮಗ."

"ನಿಮ್ಮ ಕಾಲೇಜಲ್ಲೇ ಓದ್ತಾನಾ?"

"ಇಲ್ಲ, ಬೆಂಗಳೂರಲ್ಲಿ. ಕಂಪ್ಯೂಟರ್ ಸೈನ್ಸು."

ಅವರು ಮತ್ತೇನೂ ಕೇಳಲಿಲ್ಲ. ಒಳಗೆ ತಿರುಗಿ, "ಮೇಷ್ಟ್ರಿಗೆ ಮಜ್ಜಿಗೆ ತಗೊಂಡ್ ಬಾರವ್ವಾ" ಅಂದರು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ವಾಪಸು ಕಳಿಸಿರಲಿಲ್ಲ.

ಒಂದು ಕಾಲಕ್ಕೆ ಇದೆಲ್ಲ ಉಲ್ಟಾ ಇತ್ತು. ಎಂಎಲ್ಎ ಶಿಫಾರಸು ಪತ್ರ ಹಿಡಿದು ಸೀಟಿಗಾಗಿ ಅಪ್ಪಂದಿರು ಕಾರಿಡಾರಿನಲ್ಲಿ ಕಾಯುತ್ತಿದ್ದರು. ಡೊನೇಶನ್ ಹಾವಳಿ ಹೆಚ್ಚಿ, 1984ರಲ್ಲೇ ನಮ್ಮ ರಾಜ್ಯ ಅದನ್ನು ನಿಷೇಧಿಸುವ ಕಾನೂನು ತಂದಿತು. ಕಾನೂನು ಬಂದಿದ್ದರಿಂದ ಡೊನೇಶನ್ ಮೇಜಿನ ಮೇಲಿಂದ ಮೇಜಿನ ಕೆಳಗೆ ಹೋಯಿತು. ಮೀರತ್ತಿನ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದರ ಫೀಜು ನೋಡಿ ಹೌಹಾರಿ ಸುಪ್ರೀಂ ಕೋರ್ಟಿಗೆ ಹೋಗಿದ್ದು, 1992ರಲ್ಲಿ ತೀರ್ಪು ಬಂದಿದ್ದು ಆಮೇಲೆ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ ಹೊರರಾಜ್ಯದವರಿಗೆ 60,000! ಮರುವರ್ಷ ಇದೇ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು, 1994ಕ್ಕೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೂತು ಸೀಟು-ಫೀಜಿನ ಆ ಲೆಕ್ಕವನ್ನೂ ಬದಲಿಸಿತು. ದೇಶದ ಖಾಸಗಿ ಕಾಲೇಜುಗಳ ಫೀಜಿನ ಕಾನೂನಿನಲ್ಲಿ ಒಂದಿಷ್ಟು ನಮ್ಮ ರಾಜ್ಯದ ಜಗಳಗಳಿಂದ ಬೆಳೆದದ್ದು ಎನ್ನಬಹುದು. ಹೆಮ್ಮೆ ಪಡಬೇಕೋ ಬೇಡವೋ ನೀವೇ ಹೇಳಿ.

ಆಗೆಲ್ಲ ಸಿಇಟಿ ಕೌನ್ಸೆಲಿಂಗ್ ಎಂದರೆ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೋಗಬೇಕು. ರಾತ್ರಿ ಬಸ್ಸಿಗೆ ಹೊರಟು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಡಿಡಿ ಮತ್ತು ಮಾರ್ಕ್ಸ್ ಕಾರ್ಡನ್ನು ಎದೆಗವಚಿಕೊಂಡು ಕಾಯುವುದು. ಮೆಕ್ಯಾನಿಕಲ್ ಸೀಟು ಒಂದೊಂದಾಗಿ ಕರಗುವುದನ್ನು ನೋಡಿ ಬೆವರುತ್ತಿದ್ದ ಅಪ್ಪಂದಿರು ಎಷ್ಟು ಜನ! ಈಗ ಮನೆಯಲ್ಲೇ ಮೊಬೈಲಿನಲ್ಲಿ ಆಪ್ಷನ್ ಎಂಟ್ರಿ. ಒಂದರಿಂದ ಇಪ್ಪತ್ತರವರೆಗೆ ಕಂಪ್ಯೂಟರ್ ಸೈನ್ಸು, ಇಪ್ಪತ್ತೊಂದಕ್ಕೆ ಎಐ. ನಮ್ಮ ವಿಶ್ವವಿದ್ಯಾಲಯಕ್ಕೆ ಸಿವಿಲ್ ಎಂಜಿನಿಯರ್ ವಿಶ್ವೇಶ್ವರಯ್ಯನವರ ಹೆಸರಿದೆ. ಅದರಡಿಯ ನಮ್ಮ ಕಾಲೇಜಿನಲ್ಲೇ ಸಿವಿಲ್ ಬೆಂಚು ಖಾಲಿ. ನಾನು ನಿವೃತ್ತಿಯಾಗುವ ಹೊತ್ತಿಗೆ ವರ್ಕ್‌ಶಾಪಿನ ಅರ್ಧಕ್ಕೆ ಪ್ಲೈವುಡ್ ಗೋಡೆ ಹಾಕಿ ಕಂಪ್ಯೂಟರ್ ಇಟ್ಟಿದ್ದರು. ಆ ಕಡೆ ಪೈಥಾನ್ ಪಾಠ ನಡೆಯುವಾಗ ಈ ಕಡೆ ಲೇತ್ ಶುರು ಮಾಡಬೇಡಿ, ಡಿಸ್ಟರ್ಬ್ ಆಗುತ್ತದೆ ಎಂದು ಪ್ರಿನ್ಸಿಪಾಲರು ಸರ್ಕ್ಯುಲರ್ ಕಳಿಸಿದ್ದರು.

ಖರ್ಚಿನ ವಿಷಯಕ್ಕೆ ಬಂದರೆ, ಸರ್ಕಾರ ಗೊತ್ತುಮಾಡಿದ ಫೀಜು ಬರೀ ಮುನ್ನುಡಿ. ಆಮೇಲೆ ಸ್ಕಿಲ್ ಫೀ, ಟ್ರೇನಿಂಗ್ ಫೀ, ಬಸ್ ಫೀ, ಬಿಲ್ಡಿಂಗ್ ಫಂಡ್. ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಆಕಾಶಕ್ಕೆ ಚಾಚಿದ ಕಂಬಿಗಳು ಮಾತ್ರ ಇದ್ದವು. ಅವು ತುಕ್ಕು ಹಿಡಿದು ಕೆಂಪಾಗುವಷ್ಟರಲ್ಲಿ ಎಷ್ಟೋ ಬ್ಯಾಚು ಪಾಸಾದವು. ಪರೀಕ್ಷೆಗೆ ಮುಂಚೆ ಬಾಕಿ ತೀರಿಸದವರಿಗೆ ಹಾಲ್ ಟಿಕೆಟ್ ಇಲ್ಲ. ಡೇರಿಯ ಹಾಲಿನ ದುಡ್ಡನ್ನು ಹತ್ತು, ಇಪ್ಪತ್ತರ ನೋಟಿನಲ್ಲಿ ತಂದ ತಾಯಿಯೊಬ್ಬಳ ಮುಂದೆ ಕ್ಯಾಷಿಯರ್ ಎರಡೆರಡು ಸಲ ಎಣಿಸಿ, "ಫೋನ್‌ಪೇ ಇಲ್ವೇನಮ್ಮಾ?" ಎಂದು ಗೊಣಗಿದ್ದು ನನಗಿನ್ನೂ ಸಿಟ್ಟು ಬರಿಸುತ್ತದೆ. ನೋಟುಗಳಿಗೆ ಹಾಲಿನ ವಾಸನೆಯಿತ್ತು.

ಇನ್ನು ಫಲಿತಾಂಶ. ಗೇಟಿನ ಪಕ್ಕ ದೊಡ್ಡ ಪ್ಲೇಸ್‌ಮೆಂಟ್ ಫ್ಲೆಕ್ಸು. ಒಬ್ಬಳೇ ಜಾಣೆ ಹುಡುಗಿಗೆ ಮೂರು ಕಂಪನಿಯಿಂದ ಆಫರ್ ಬಂದಿದ್ದರೆ ಅವಳ ಫೋಟೋ ಮೂರು ಕಡೆ. ಒಂದರಲ್ಲಿ ಜಡೆ ಎಡಕ್ಕೆ, ಒಂದರಲ್ಲಿ ಬಲಕ್ಕೆ. ಫ್ಲೆಕ್ಸಿನವನು ಚಿತ್ರ ತಿರುಗಿಸಿ ಹಾಕುವ ಚಾಣಾಕ್ಷ, ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೇ. ಫ್ಲೆಕ್ಸಿನಲ್ಲಿ ಅವನ ಫೋಟೋ ಮಾತ್ರ ಯಾವತ್ತೂ ಬರಲಿಲ್ಲ.

ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವರ್ಷ ಹಳೆಯ ವಿದ್ಯಾರ್ಥಿಗಳ ವಿವರ ಬೇಕೆಂದು ಆರ್ಡರಾಯಿತು. ಫೋನ್ ಮಾಡಿದರೆ, "ಸಾರ್, ಅಡ್ಮಿಷನ್ನಾ? ನನ್ನ ತಮ್ಮ ಇನ್ನೂ ಎಂಟನೇ ಕ್ಲಾಸು ಸಾರ್" ಎಂದು ಮೊದಲೇ ಶರಣಾಗುತ್ತಿದ್ದರು. ಭಯ ಹೋದ ಮೇಲೆ ಮಾತು ಬಂತು. ಎಂ-ತ್ರೀ ಎಂಬ ಗಣಿತದ ಪೇಪರಿನಲ್ಲಿ ಡುಮ್ಕಿ ಮೇಲೆ ಡುಮ್ಕಿ ಹೊಡೆದವನು ಈಗ ಕ್ಲಾಸ್ ಒನ್ ಕಂಟ್ರಾಕ್ಟರು. ಕಾಲೇಜಿನ ಕಾಂಪೌಂಡು ಕಟ್ಟಿದ್ದೂ ಅವನೇ, ಬಿಲ್ಲು ಇನ್ನೂ ಬಾಕಿಯಂತೆ. ಒಬ್ಬ ಹೈವೇಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟು ಆರು ಹುಡುಗರಿಗೆ ಸಂಬಳ ಕೊಡುತ್ತಾನೆ. ಒಬ್ಬಳು ಎರಡು ವರ್ಷ ಮನೆಯಲ್ಲೇ ಓದಿ ಪಿಡಿಒ ಆಗಿದ್ದಾಳೆ. ಹಲವರು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಗ್ರಿ ಹಿಡಿದು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾರೆ. ನಡುವೆಯೇ ಕಾಲೇಜು ಬಿಟ್ಟವರ ನಂಬರು ಹಾಜರಿ ಪುಸ್ತಕದಲ್ಲಿತ್ತು, ಯಾವುದೂ ಹತ್ತಲಿಲ್ಲ. ಪಟ್ಟಿಯನ್ನೆಲ್ಲ ಟೈಪ್ ಮಾಡಿಕೊಟ್ಟೆ. ಕೋಆರ್ಡಿನೇಟರ್ ನೋಡಿ, "ಸಾರ್, ಇದರಲ್ಲಿ ಪ್ಯಾಕೇಜ್ ಕಾಲಮ್ಮೇ ಇಲ್ಲವಲ್ಲ?" ಅಂದ. ಗ್ಯಾರೇಜಿನವನ ಮುಂದೆ ಏನು ಬರೆಯಲಿ? ಗೆರೆ ಎಳೆದೆ.

ಈಗ ಟಾರ್ಗೆಟ್ ಇಲ್ಲದ ಮನುಷ್ಯ ನಾನು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಮಕ್ಕಳನ್ನು ಸೇರಿಸಲು ಹೋದಾಗ, ನಾಲ್ಕು ವರ್ಷದ ಹಿಂದೆ ಸೇರಿದವರೆಷ್ಟು, ಅವರಲ್ಲಿ ಈ ವರ್ಷ ಪಾಸಾಗಿ ಹೊರಬಿದ್ದವರೆಷ್ಟು ಎಂದು ಆಫೀಸಿನಲ್ಲಿ ಕೇಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಅವರು ಬ್ರೋಷರು ಕೊಟ್ಟು ಮಾತು ಮರೆಸಿದರೆ ಕ್ಯಾಂಟೀನಿಗೆ ಹೋಗಿ ಫೈನಲ್ ಇಯರ್ ಹುಡುಗರಿಗೆ ಒಂದೊಂದು ಟೀ ಕೊಡಿಸಿ. ಅವರು ಸುಳ್ಳು ಹೇಳುವುದಿಲ್ಲ.