ಕಿಲೋ ಬಿಡಿ, ಸುತ್ತಳತೆ ಹೇಳಿ

ಊರಲ್ಲಿ ಬಸ್ಸಿಳಿದ ಕೂಡಲೇ ನಮಗೆ ಸಿಗುವ ಮೊದಲ ಸುದ್ದಿ ನಮ್ಮ ಮೈಯದೇ. ‘ಯಾಕೋ ತಮ್ಮಾ, ಭಾಳ ಸೊರಗೀಯಲ್ಲೋ’ ಅಂತ ಒಬ್ಬರು. ‘ಬೆಂಗ್ಳೂರು ನೀರು ಹತ್ತೇತಿ ಬಿಡು, ಹೊಟ್ಟಿ ಮುಂದ ಬಂದೈತಿ’ ಅಂತ ಇನ್ನೊಬ್ಬರು. ಇಬ್ಬರೂ ಒಂದೇ ದಿನ, ಒಂದೇ ಮೈ ನೋಡಿ ಹೇಳಿದ್ದೂ ಉಂಟು. ಆದರೆ ‘ಎಷ್ಟು ಕೆ.ಜಿ. ಅದೀ?’ ಅಂತ ಯಾರೂ ಕೇಳುವುದಿಲ್ಲ. ತೂಕ ಏನಿದ್ದರೂ ಮೆಣಸಿನಕಾಯಿ ಚೀಲಕ್ಕೆ, ಶೇಂಗಾ ಚೀಲಕ್ಕೆ. ಮನುಷ್ಯರನ್ನು ಹಳ್ಳಿಯ ಕಣ್ಣು ಅಳೆಯುವುದು ಗಾತ್ರದಿಂದ.

ದನಕ್ಕೂ ಹಾಗೆಯೇ. ದನದ ಸಂತೆಗೆ ಯಾರೂ ತಕ್ಕಡಿ ಹೊತ್ತು ತರುವುದಿಲ್ಲ. ಪಶುವೈದ್ಯರಿಗೆ ಎತ್ತಿನ ತೂಕ ಬೇಕಾದರೆ ಟೇಪು ಹಿಡಿಯುತ್ತಾರೆ. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಮೈಯ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಲೆಕ್ಕ ಸಿಗುತ್ತದೆ. ಎದೆ 60 ಇಂಚು, ಉದ್ದ 55 ಇಂಚು ಇದ್ದರೆ 300 ಕೆ.ಜಿ. ಟೇಪಿನಿಂದ ತೂಕ ತೆಗೆಯುವ ಈ ವಿದ್ಯೆ ನಮ್ಮಲ್ಲಿದೆ. ತೂಕ ನೋಡಿ ಮೈಯ ಆಕಾರ ಹೇಳುವ ವಿದ್ಯೆ ಮಾತ್ರ ಯಾರ ಹತ್ತಿರವೂ ಇಲ್ಲ.

ನಾವು ನಾಲ್ವರು ಒಂದೇ ಬ್ಯಾಚಿನವರು. ಇಬ್ಬರು ಡೆಸ್ಕಿನಲ್ಲಿ, ಒಬ್ಬಳು ತಾಲ್ಲೂಕು ವರದಿಗಾರ್ತಿ, ಇನ್ನೊಬ್ಬ ಪತ್ರಿಕೆ ಬಿಟ್ಟು ಮೇಷ್ಟ್ರಾದವ. ಮೂವತ್ತು ದಾಟಿದ ಮೇಲೆ ನಾಲ್ವರಿಗೂ ಒಂದೇ ರೋಗ: ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನ ಊಟ, ದಿನಕ್ಕೆ ಆರು ಕಪ್ ಸಕ್ಕರೆ ಚಹಾ, ಕುರ್ಚಿ. ಹೋದ ವರ್ಷ ದಿನಾ ನಲವತ್ತು ನಿಮಿಷ ಬಿರುಸಿನ ನಡಿಗೆ, ವಾರಕ್ಕೆ ಮೂರು ದಿನ ಬಸ್ಕಿ, ದಂಡ ಅಂತ ಶುರು ಮಾಡಿದೆವು. ಚಹಾ ಎರಡಕ್ಕಿಳಿಯಿತು. ಅನ್ನ ಕಡಿಮೆಯಾಗಿ ಮೊಟ್ಟೆ, ಮೊಳಕೆ ಕಾಳು ಹೆಚ್ಚಾಯಿತು. ಮೊದಲ ದಿನವೇ ಒಂದು ತೀರ್ಮಾನ ಮಾಡಿದ್ದೆವು: ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ತೂಕವನ್ನೂ ಸೊಂಟವನ್ನೂ ಒಟ್ಟಿಗೆ ಬರೆದಿಡುವುದು.

ಆ ಎರಡು ಕಾಲಮ್ಮುಗಳು ಬೇಗನೆ ಜಗಳಕ್ಕೆ ಬಿದ್ದವು. ಡೆಸ್ಕಿನವನೊಬ್ಬನದು ಶುರುವಿನಲ್ಲಿ 78.4 ಕೆ.ಜಿ., ಸೊಂಟ 98 ಸೆಂಟಿಮೀಟರ್. ಮೂರು ತಿಂಗಳಿಗೆ ತೂಕ 78.9. ಬೆವರು ಹರಿಸಿದ್ದಕ್ಕೆ ಅರ್ಧ ಕಿಲೋ ಇನಾಮು! ಬರೀ ತಕ್ಕಡಿ ನಂಬಿದ್ದರೆ ಅವನು ಅಂದೇ ಬೂಟು ಬಿಚ್ಚಿಡುತ್ತಿದ್ದ. ಆದರೆ ಪಕ್ಕದ ಕಾಲಮ್ಮಿನಲ್ಲಿ ಸೊಂಟ 96ಕ್ಕೆ ಬಂದಿತ್ತು. ಆರು ತಿಂಗಳಿಗೆ ತೂಕ 76.6, ಸೊಂಟ 93. ವರದಿಗಾರ್ತಿಯದು ಇನ್ನೂ ಮಜಾ. ಆರು ತಿಂಗಳಲ್ಲಿ ತೂಕ ಇಳಿದದ್ದು 800 ಗ್ರಾಂ. ಸೊಂಟ ಮಾತ್ರ 86ರಿಂದ 82. ಅವಳ ಸಾಕ್ಷಿ ಟೇಪಲ್ಲ, ಬ್ಲೌಸು. ನಮ್ಮ ಕಡೆ ಟೇಲರುಗಳು ಬ್ಲೌಸಿನ ಪಕ್ಕಕ್ಕೆ ಸಾಲಾಗಿ ಎರಡು ಮೂರು ಹೊಲಿಗೆ ಹಾಕಿ ಕೊಡುತ್ತಾರಲ್ಲ, ಮೈ ಬಂದ ಹಾಗೆ ಒಂದೊಂದನ್ನೇ ಬಿಚ್ಚಲಿ ಅಂತ. ಬಿಚ್ಚಿದ್ದ ಎರಡನೇ ಹೊಲಿಗೆಯನ್ನು ಅವಳು ಮತ್ತೆ ಹಾಕಿಸಿಕೊಂಡು ಬಂದಳು. ಟೇಲರಮ್ಮ ‘ಇದು ಅಪರೂಪ ನೋಡವ್ವಾ, ಎಲ್ಲಾರೂ ಬಿಚ್ಚಸಾಕ ಬರತಾರ’ ಅಂದರಂತೆ.

ಇದರಲ್ಲಿ ಪವಾಡವೇನಿಲ್ಲ. ಕೊಬ್ಬು ಹಗುರ, ಸ್ನಾಯು ಭಾರ ಅನ್ನುತ್ತಾರಲ್ಲ, ಅದರ ಅರ್ಥ ಇಷ್ಟೇ: ಒಂದು ಕಿಲೋ ಕೊಬ್ಬಿಗೆ ಸುಮಾರು 1.1 ಲೀಟರ್ ಜಾಗ ಬೇಕು, ಒಂದು ಕಿಲೋ ಸ್ನಾಯುವಿಗೆ 0.94 ಲೀಟರ್ ಸಾಕು. ನಾಲ್ಕು ಕಿಲೋ ಕೊಬ್ಬು ಕರಗಿ ಎರಡು ಕಿಲೋ ಸ್ನಾಯು ಬಂತು ಅಂದುಕೊಳ್ಳಿ. ತಕ್ಕಡಿ ‘ಎರಡು ಕಿಲೋ ಇಳಿದಿದೆ’ ಅನ್ನುತ್ತದೆ. ಮೈಯಲ್ಲಿ ನಡೆದಿರುವುದು ಆರು ಕಿಲೋ ವ್ಯವಹಾರ. ಹೋದದ್ದು ಎಷ್ಟು, ಬಂದದ್ದು ಎಷ್ಟು ಅಂತ ಬಿಡಿಸಿ ಹೇಳುವ ಶಕ್ತಿ ತಕ್ಕಡಿಗಿಲ್ಲ. ಅದು ಬಾಕಿ ಮಾತ್ರ ತೋರಿಸುವ ಪಾಸ್‌ಬುಕ್ ಇದ್ದ ಹಾಗೆ.

ದಿನದ ಏರಿಳಿತ ಬೇರೆ. ಒಂದು ಲೀಟರ್ ನೀರು ಕುಡಿದು ನಿಂತರೆ ಒಂದು ಕಿಲೋ ಏರುತ್ತದೆ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ ಮೈ ನೀರು ಹಿಡಿದುಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕಿಲೋ ಏರಿದ್ದು ತಾನಾಗಿಯೇ ಇಳಿಯುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಅದು ಒಂದು ರಾತ್ರಿಯಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ‘ಹತ್ತು ದಿನದಲ್ಲಿ ಐದು ಕೆ.ಜಿ. ಇಳಿಸಿ’ ಎಂಬ ಜಾಹೀರಾತುಗಳು ಬದುಕಿರುವುದೇ ಈ ನೀರಿನ ಮೇಲೆ. ಊಟದಲ್ಲಿ ಅನ್ನ, ರೊಟ್ಟಿ ಏಕಾಏಕಿ ಬಿಟ್ಟರೆ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಮೂರು ಗ್ರಾಮಿನಷ್ಟು ನೀರೂ ಹೊರಗೆ ಹೋಗುತ್ತದೆ. ಮುಳ್ಳು ಸರ್ರನೆ ಇಳಿಯುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಹೊಟ್ಟೆ ಇದ್ದಲ್ಲೇ ಇರುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಹೊಟ್ಟೆಯ ಪುರಾಣ ಯಾರಿಗೆ ಬೇಕು? ಬರೆಸಿದ್ದು ಕಾಕಾ.

ಕಾಕಾ ನಮ್ಮಲ್ಲೊಬ್ಬನ ಅಪ್ಪ. ನಾಲ್ವರಿಗೂ ಕಾಕಾನೇ. ಹಾವೇರಿ ಕಡೆ ನಾಲ್ಕೆಕರೆ ಹೊಲ, ವಯಸ್ಸು 63. ತೆಳ್ಳನೆ ಕೈಕಾಲು, ಒಳಗೆ ಹೋದ ಕೆನ್ನೆ. ‘ಕಡ್ಡಿ ಪೈಲ್ವಾನ’ ಅಂತ ಊರವರು ಚೇಷ್ಟೆ ಮಾಡುತ್ತಿದ್ದರು. ಆಶಾ ಕಾರ್ಯಕರ್ತೆಯೊಬ್ಬರು ಮನೆಮನೆ ಪಟ್ಟಿ ತುಂಬುತ್ತ ಬಂದು ಸೊಂಟಕ್ಕೆ ಟೇಪು ಹಾಕಿದಾಗ ಕಾಕಾ ನಕ್ಕರಂತೆ. ‘ಅರವತ್ತೊಂದು ಕೆ.ಜಿ. ಅದೀನವ್ವಾ. ಮೂವತ್ತು ವರ್ಷದಿಂದ ಅಷ್ಟ ಅದೀನಿ. ನನಗೆಲ್ಲಿ ಸಕ್ಕರಿ ಬೇನಿ ಬರತೈತಿ?’ ಟೇಪು 95 ತೋರಿಸಿತು. ಆಕೆ ಬಿಡಲಿಲ್ಲ, ಪರೀಕ್ಷೆಗೆ ಕಳಿಸಿದರು. ಖಾಲಿ ಹೊಟ್ಟೆಯ ಸಕ್ಕರೆ 168. ಅದು 126 ಮುಟ್ಟಿದರೇ ಮಧುಮೇಹ ಅನ್ನುವುದು ವೈದ್ಯರ ಲೆಕ್ಕ. ಮತ್ತೊಮ್ಮೆ ಮಾಡಿಸಿದರೂ ಅದೇ ಮಾತು.

ಕಾಕಾನ ಎತ್ತರ 166 ಸೆಂಟಿಮೀಟರ್. ಬಿಎಂಐ ಲೆಕ್ಕ ಹಾಕಿದರೆ 22.1. ಭಾರತೀಯರಿಗೆ ಅಂತ ಬಿಗಿ ಮಾಡಿದ 23ರ ಗೆರೆಯ ಪ್ರಕಾರವೂ ಕಾಕಾ ಪಾಸು. ಆ ಬಿಎಂಐ ಸೂತ್ರ 19ನೇ ಶತಮಾನದಲ್ಲಿ ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ ಎಂಬ ಖಗೋಳ ಹಾಗೂ ಸಂಖ್ಯಾಶಾಸ್ತ್ರಜ್ಞ ಮಾಡಿದ್ದು. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿ ಮನುಷ್ಯನನ್ನು, ಒಬ್ಬೊಬ್ಬರ ರೋಗವನ್ನಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಿಎಂಐ ಎಂಬ ಹೆಸರಿಟ್ಟ ಮೇಲೆ ಅದು ಎಲ್ಲ ಆಸ್ಪತ್ರೆಗಳ ಗೋಡೆ ಏರಿತು.

ಅದರ ಮಿತಿ ತೋರಿಸಿದ ಒಂದು ಫೋಟೊ ಇದೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರದೂ ಬಿಎಂಐ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ಸಣಕಲು, ಒಳಗೆ ಕೊಬ್ಬು: ನಮ್ಮ ಜನರ ಮೈಕಟ್ಟು ಬಹಳಷ್ಟು ಹೀಗೆಯೇ. ಹೊಟ್ಟೆಯೊಳಗೆ ಕರುಳು, ಪಿತ್ತಜನಕಾಂಗದ ಸುತ್ತ ಸೇರುವ ಈ ಕೊಬ್ಬು ತೊಡೆಯ ಕೊಬ್ಬಿಗಿಂತ ಕೆಟ್ಟದ್ದು. ಇನ್ಸುಲಿನ್ನಿನ ಮಾತು ಮೈ ಕೇಳದ ಹಾಗೆ ಮಾಡುತ್ತದೆ.

ಹಾಗಾದರೆ ಕಾಕಾನ ತೂಕ ಮೂವತ್ತು ವರ್ಷ ಕದಲದೆ ನಿಂತದ್ದು ಹೇಗೆ? ನೇಗಿಲು ಹಿಡಿದು ರಂಟೆ ಹೊಡೆಯುತ್ತಿದ್ದ ಕಾಲದ ತೋಳು, ತೊಡೆ ಈಗಿಲ್ಲ. ಟ್ರ್ಯಾಕ್ಟರು ಬಂತು, ಹೊಲಕ್ಕೆ ಹೋಗಲು ಬೈಕು ಬಂತು, ಸಂಜೆ ಟಿ.ವಿ. ಬಂತು. ಸ್ನಾಯು ಹೋದ ಜಾಗಕ್ಕೆ ಹೊಟ್ಟೆ ಬಂತು. ಕಿಲೋಗೆ ಕಿಲೋ ಸರಿಹೋಯಿತು. ಉಡಿದಾರ ಬದಲಿಸುವಾಗಲೆಲ್ಲ ಒಂದೆರಡು ಬೆರಳು ಉದ್ದ ಹಿಡಿದಿದ್ದು ಕಾಕೂಗೆ ಗೊತ್ತಿತ್ತು. ಅದು ರೋಗದ ಲಕ್ಷಣ ಅಂತ ಅವರಿಗೆ ಹೇಳಿದವರಿರಲಿಲ್ಲ.

ಇಲ್ಲೇ ನಮಗೆ ಮೈ ಜುಮ್ಮೆಂದಿದ್ದು. ನಮ್ಮ ಮೈಯಲ್ಲಿ ಕೊಬ್ಬು ಹೋಗಿ ಸ್ನಾಯು ಬರುತ್ತಿತ್ತು. ಕಾಕಾನ ಮೈಯಲ್ಲಿ ಸ್ನಾಯು ಹೋಗಿ ಕೊಬ್ಬು ಬಂದಿತ್ತು. ತಕ್ಕಡಿ ಇಬ್ಬರಿಗೂ ಹೇಳಿದ್ದು ಒಂದೇ ಮಾತು: ‘ಏನೂ ಬದಲಾಗಿಲ್ಲ.’ ಒಳ್ಳೆಯದಾಗುತ್ತಿದ್ದವರಿಗೆ ನಿರಾಸೆ, ಕೆಡುತ್ತಿದ್ದವರಿಗೆ ಧೈರ್ಯ.

ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಆ ಪಟ್ಟಿಯನ್ನು ನಾವು ತರಿಸಿ ನೋಡಿದೆವು. ಅಪಾಯದ ಅಂಕ ಕೊಡುವ ಭಾಗದಲ್ಲಿ ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಇವೆ. ತೂಕದ ಪ್ರಶ್ನೆಯೇ ಇಲ್ಲ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಂಕ ಬೀಳುತ್ತದೆ. ಅಂಗನವಾಡಿಯಲ್ಲೂ ಅಷ್ಟೇ: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿಯ ಕೆಂಪು ಬಣ್ಣ ಕಾಣುತ್ತದೆ, ಮಗುವಿಗೆ ತೀವ್ರ ಅಪೌಷ್ಟಿಕತೆ ಅಂತ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಸೊಂಟ, ನಿತಂಬ ಎರಡನ್ನೂ ಅಳೆಯಿತು. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ನ ತಜ್ಞರ ಆಯೋಗ, ಬೊಜ್ಜನ್ನು ಬಿಎಂಐ ಒಂದರಿಂದಲೇ ತೀರ್ಮಾನಿಸಬೇಡಿ, ಸೊಂಟದಂಥ ಅಳತೆಯನ್ನೂ ನೋಡಿ ಎಂದಿತು. ನಮ್ಮೂರ ಆಶಾ ಕೈಯ ಟೇಪು ಆ ಕೆಲಸವನ್ನು ಆಗಲೇ ಮಾಡುತ್ತಿತ್ತು.

ಅಳೆಯುವವರಿಗೆ ನಾಲ್ಕು ಮಾತು. ಪ್ಯಾಂಟಿನ 34 ನಂಬರು ಸೊಂಟದ ಅಳತೆಯಲ್ಲ. ಹೊಟ್ಟೆ ದೊಡ್ಡದಾದಂತೆ ಪ್ಯಾಂಟು ಅದರ ಕೆಳಗೆ ಜಾರುತ್ತದೆ, ನಂಬರು ಅದೇ ಉಳಿಯುತ್ತದೆ. ಪಂಚೆ, ನೈಟಿ, ಇಲಾಸ್ಟಿಕ್ ಚಡ್ಡಿಗಳಂತೂ ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಕೊನೆಯ ಪಕ್ಕೆಲುಬಿನ ಕೆಳಗೆ ಒಂದು ಬೆರಳು, ಸೊಂಟದ ಮೂಳೆಯ ಮೇಲಂಚಿಗೆ ಒಂದು ಬೆರಳಿಡಿ. ಎರಡರ ನಡುಮಧ್ಯೆ ಬರಿಮೈಗೆ ಟೇಪು ಹಾಕಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಸಹಜವಾಗಿ ಉಸಿರು ಬಿಟ್ಟಾಗ ಓದಿ. ಟೇಪು ನೆಲಕ್ಕೆ ಸಮನಾಗಿರಲಿ, ಚರ್ಮ ಒತ್ತಬಾರದು. ಹಳೆಯ ಟೇಪು ಹಿಗ್ಗಿರುತ್ತದೆ, ಸ್ಕೇಲಿನ ಪಕ್ಕ ಇಟ್ಟು ನೋಡಿ. ಎರಡು ಸಲ ಅಳೆದರೆ ಒಂದು ಸೆಂಟಿಮೀಟರ್ ಆಚೀಚೆ ಆಗುವುದು ಇದ್ದದ್ದೇ, ಹಾಗಾಗಿ ತಿಂಗಳಿಗೊಮ್ಮೆ ಸಾಕು. ನಂಬರು ನೆನಪಿರದಿದ್ದರೆ ಒಂದು ದಾರ ತೆಗೆದುಕೊಂಡು ನಿಮ್ಮ ಎತ್ತರಕ್ಕೆ ಕತ್ತರಿಸಿ, ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎನ್ನುವುದು ಸುಲಭದ ಸೂತ್ರ.

ಟೇಪೂ ಸರ್ವಜ್ಞನಲ್ಲ. ಬಸುರಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗಳಿಗೆ ಅದು ಹೊಂದುವುದಿಲ್ಲ. ಪ್ರಯತ್ನಪಡದೆಯೇ ತೂಕ ಇಳಿಯುತ್ತಿದ್ದರೆ ತಕ್ಕಡಿಯ ಮಾತು ಕೇಳಲೇಬೇಕು, ವೈದ್ಯರ ಹತ್ತಿರ ಹೋಗಲೇಬೇಕು. ಇನ್ನೊಂದು: ಮದುವೆ ನೋಡಲು ಬಂದವರು ಹುಡುಗಿಯ ಸೊಂಟ ಅಳೆಯುವ ಕಣ್ಣಿಗೂ ಈ ಟೇಪಿಗೂ ಸಂಬಂಧವಿಲ್ಲ. ನಮ್ಮ ವರದಿಗಾರ್ತಿ ಇದನ್ನು ಬರೆಯಲೇಬೇಕೆಂದು ಹಟ ಹಿಡಿದಳು. ದಂಡ ಹೊಡೆದು ಅವಳ ತೋಳಿನ ಅಳತೆ ಅರ್ಧ ಸೆಂಟಿಮೀಟರ್ ಏರಿದೆ. ಅದನ್ನು ಅವಳು ಗಳಿಕೆಯ ಕಾಲಮ್ಮಿನಲ್ಲೇ ಬರೆದಿದ್ದಾಳೆ.

ಕಾಕಾ ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊಲಕ್ಕೆ ನಡೆದೇ ಹೋಗುತ್ತಾರೆ, ಚಹಾಕ್ಕೆ ಸಕ್ಕರೆ ಇಲ್ಲ, ರಾತ್ರಿ ಒಂದು ರೊಟ್ಟಿ ಕಡಿಮೆ, ಪಲ್ಯ ಒಂದು ಸೌಟು ಜಾಸ್ತಿ. ತೂಕ 60. ಸೊಂಟ 91. ಇಪ್ಪತ್ತು ರೂಪಾಯಿಯ ಟೇಪು ಅಡುಗೆಮನೆ ಕ್ಯಾಲೆಂಡರಿನ ಮೊಳೆಗೆ ನೇತು ಬಿದ್ದಿದೆ. ಪ್ರತಿ ತಿಂಗಳ ಒಂದನೇ ತಾರೀಖಿನ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕ, ಕಾಕೂ ಪೆನ್ಸಿಲಿನಲ್ಲಿ ಒಂದು ನಂಬರು ಬರೆಯುತ್ತಾರೆ. ಈಗೀಗ ಕಾಕೂನ ಹೆಸರಿನ ಎರಡನೇ ನಂಬರೂ ಅದರ ಕೆಳಗೆ ಕಾಣಿಸಿಕೊಳ್ಳುತ್ತಿದೆ.