ಏರಿನಲ್ಲಿ ಮಿತಿ

ಕಾಲಲ್ಲಿ ಕಸುವಿದ್ದರೆ ಸಾಲದು, ಅದನ್ನು ಅಳೆದು ಬಳಸುವ ವಿವೇಕವೂ ಬೇಕು. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಏರು ನನಗೆ ಕಲಿಸಿದ ಪಾಠವಿದು.

ನನಗೆ 55 ತುಂಬಿದಾಗ ವೈದ್ಯರು, "ಓಡಿರಿ, ಆದರೆ ಏದುಸಿರು ಬರುವಷ್ಟು ಬೇಡ" ಎಂದರು. ಆ ಮಿತಿಯನ್ನು ಅರಿಯುವುದೆಂತು? ಗಡಿಯಾರವು ವೇಗವನ್ನು ಹೇಳೀತು, ಶ್ರಮವನ್ನು ಹೇಳದು. ನಾಡಿಬಡಿತವೋ ಶ್ರಮದ ಹಿಂದೆ ತಡವಾಗಿ ಏರುತ್ತದೆ.

ಮಗ ತಂದುಕೊಟ್ಟ ಪವರ್ ಮೀಟರು ಷೂಗೆ ಸಿಕ್ಕಿಸುವ ಪುಟ್ಟ ಸಾಧನ. ಪಾದದ ಚಲನೆ, ದಾರಿಯ ಏರು, ದೇಹದ ತೂಕ ಇವುಗಳಿಂದ ಅದು ಶ್ರಮವನ್ನು ವ್ಯಾಟ್‌ಗಳಲ್ಲಿ ಲೆಕ್ಕಹಾಕುತ್ತದೆ. ಸೈಕಲ್ಲಿನ ಮೀಟರಿನಂತೆ ಇದು ನೇರ ಅಳತೆಯಲ್ಲ, ಅಂದಾಜು. ಆದುದರಿಂದ ಒಬ್ಬರ ಅಂಕಿಯನ್ನು ಮತ್ತೊಬ್ಬರ ಅಂಕಿಯೊಡನೆ ಹೋಲಿಸಬಾರದು.

60 ಕಿಲೋ ತೂಕದವರು ಗಂಟೆಗೆ 300 ಮೀಟರ್ ಎತ್ತರ ಏರಿದರೆ, ದೇಹವನ್ನು ಮೇಲೆತ್ತುವುದಕ್ಕೇ ಸುಮಾರು 49 ವ್ಯಾಟ್ ಬೇಕು. ಸಮತಟ್ಟಿನ ವೇಗವನ್ನೇ ಏರಿನಲ್ಲಿಯೂ ಉಳಿಸಿಕೊಳ್ಳುವ ಹಟವೇ ಏದುಸಿರಿಗೆ ಕಾರಣ. ನಾನೀಗ ಸಮತಟ್ಟಿನ 160 ವ್ಯಾಟ್ ಅನ್ನು ಏರಿನಲ್ಲಿಯೂ ಮೀರುವುದಿಲ್ಲ. ಓಟವು ನಡಿಗೆಗೆ ಇಳಿಯುತ್ತದೆ. ಹುಡುಗರು ದಾಟಿ ಹೋಗುತ್ತಾರೆ, ಹೋಗಲಿ.

ಬೆಟ್ಟಗಳ ಮೇಲಿನ ಗಾಳಿಯಂತ್ರಗಳು ಬೀಸಿದಷ್ಟು ಗಾಳಿಗೇ ತಿರುಗುತ್ತವೆ. ಇಲ್ಲದ ಶಕ್ತಿಯನ್ನು ವೆಚ್ಚಮಾಡಲು ಹೊರಡುವವನು ಮನುಷ್ಯನೊಬ್ಬನೇ.